ಕೊಂಡಿ ಹಾಕಿದ ಲ್ಯಾಪ್‌ಟಾಪ್

ನೀವು ಯಾವಾಗಲಾದರೂ ಬಿಜಾಪುರದ ನಮ್ಮ ಹಾಸ್ಟೆಲಿಗೆ ಬಂದರೆ ನನ್ನ ಕೋಣೆ ಹುಡುಕುವುದು ಕಷ್ಟವಲ್ಲ. ಮುಂಜಾನೆ ಯಾವ ಕೋಣೆಯಿಂದ ಹಳೆಯ ಪೆಟಗಿ ತೆರೆದ ಹಾಗೆ ‘ಕಿರ್ರ್’ ಎಂಬ ಸಪ್ಪಳ ಬರುತ್ತದೋ ಅದೇ ನನ್ನದು. ಅದು ಪೆಟಗಿಯಲ್ಲ, ಲ್ಯಾಪ್‌ಟಾಪ್. ಮುಚ್ಚಳ ತಿರುಗಲು ಬೆನ್ನಿಗೆ ಎರಡು ಹಿತ್ತಾಳೆ ಬಿಜಾಗರಿ, ಎದೆಗೆ ಒಂದು ತಗಡಿನ ಕೊಂಡಿ, ಕೊಂಡಿಗೊಂದು ಪುಟ್ಟ ಕೀಲಿ. ಮುಚ್ಚಳದ ಮೇಲೆ ಮಲ್ಲಿಗೆಯ ಬಳ್ಳಿ, ಬಳ್ಳಿಯ ಕೆಳಗೆ ‘ಕು. ಗಿರಿಜಾ, ಬ. ಬಾಗೇವಾಡಿ’ ಎಂದು ಕೆತ್ತಿದ ನನ್ನ ಹೆಸರು. ಮೊನ್ನೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅದನ್ನು ಸುತ್ತಲೂ ನೋಡಿ, ‘ಅಕ್ಕಾರ, ಇದರಾಗ ಉಂಡಿ ಇಟ್ಟೀರೋ, ಚಕ್ಕಲಿ ಇಟ್ಟೀರೋ?’ ಎಂದಳು. ‘ಎರಡೂ ಅಲ್ಲ, ಕಾಯ್ದೆ’ ಎಂದೆ. ನಂಬಲಿಲ್ಲ. ನಂಬದಿರುವುದು ಒಳ್ಳೆಯ ಲಕ್ಷಣ. ಹುಡುಗಿ ಮುಂದೆ ಬರುತ್ತಾಳೆ.

ಆ ಕೆತ್ತಿದ ಹೆಸರಿನಿಂದಲೇ ಸುರು ಮಾಡೋಣ. ನಮ್ಮಪ್ಪನದು ಬಸವನ ಬಾಗೇವಾಡಿಯಲ್ಲಿ ಭಾಂಡೆ ಅಂಗಡಿ. ತಾಟು, ತಂಬಿಗೆ, ಕೊಳಗ, ಮದುವೆಗೆ ಕೊಡುವ ತಗಡಿನ ಪೆಟಗಿ, ಎಲ್ಲ ಸಿಗುತ್ತವೆ. ನಮ್ಮ ಕಡೆ ಭಾಂಡೆ ಕೊಂಡವರು ಹೆಸರು ಹಾಕಿಸದೆ ಒಯ್ಯುವುದಿಲ್ಲ. ಹೆಸರಿಲ್ಲದ ತಂಬಿಗೆ ಬೀಗರ ಮನೆಗೆ ಹೋದರೆ ತಿರುಗಿ ಬರುವುದಿಲ್ಲ ಎಂಬುದು ಎಲ್ಲರ ಅನುಭವ. ಅದಕ್ಕೆಂದೇ ಅಪ್ಪನ ಬಳಿ ಒಂದು ಯಂತ್ರ ಉಂಟು. ಪೆನ್ನಿನ ಹಾಗೆ ಹಿಡಿದು ಗುಂಡಿ ಒತ್ತಿದರೆ ಸಿಟ್ಟಿಗೆದ್ದ ಜೇನುಹುಳದಂತೆ ಗುಂಯ್ ಎನ್ನುತ್ತ ಸ್ಟೀಲಿನ ಮೇಲೆ ಅಕ್ಷರ ಬರೆಯುತ್ತದೆ. ಅಪ್ಪ ಅದರಲ್ಲಿ ಹೆಸರು ಬರೆಯುತ್ತಾನೆ, ಹೆಸರಿನ ಮೇಲೆ ಬಳ್ಳಿ ಬಿಡಿಸುತ್ತಾನೆ, ‘ಗ’ ಅಕ್ಷರ ಬಂದರೆ ಅದಕ್ಕೊಂದು ಬಾಲ ಸುತ್ತಿಸಿ ಬಿಡುತ್ತಾನೆ. ಗಿರಾಕಿ ಹೇಳದಿದ್ದರೂ ಬಾಲ ಉಚಿತ.

ಹೀಗಾಗಿ ನಾನು ಅಕ್ಷರ ಕಲಿತದ್ದು ಸಾಲಿಯಲ್ಲಿ ಅಲ್ಲ, ತಾಟಿನಲ್ಲಿ. ಅನ್ನ ಸರಿಸಿದರೆ ‘ಕಾ’ ಕಾಣುತ್ತಿತ್ತು, ಸಾರು ಬಳಿದರೆ ‘ಣಿಕೆ’ ಬರುತ್ತಿತ್ತು. ಉಣ್ಣದೆ ಮುನಿಸಿಕೊಂಡು ಎದ್ದ ದಿನ ಪಾಠ ಅರ್ಧಕ್ಕೇ ನಿಲ್ಲುತ್ತಿತ್ತು. ಯಂಕಂಚಿಯ ಒಂದು ಮದುವೆಗೆಂದು ವರ-ವಧುವಿನ ಹೆಸರು ಹಾಕಿದ ವಾಟಗಗಳು, ಮದುವೆ ಮುರಿದದ್ದರಿಂದ ಅಂಗಡಿಗೇ ಮರಳಿ ಬಂದವು. ಹೆಸರು ಹಾಕಿದ್ದನ್ನು ಇನ್ನಾರು ಕೊಳ್ಳುತ್ತಾರೆ? ನಮ್ಮ ಮನೆಯಲ್ಲೇ ಉಳಿದವು. ಆ ಇಬ್ಬರೂ ಬೇರೆ ಬೇರೆ ಕಡೆ ಮದುವೆಯಾಗಿ ಮಕ್ಕಳು ಮರಿ ಮಾಡಿಕೊಂಡು ಸುಖವಾಗಿದ್ದಾರಂತೆ. ನಮ್ಮ ಅಡುಗೆಮನೆಯಲ್ಲಿ ಮಾತ್ರ ಇನ್ನೂ ಜೋಡಿಯಾಗಿಯೇ ಇದ್ದಾರೆ. ನಾವು ದಿನಾ ಅವರ ಹೆಸರಿನಲ್ಲಿ ನೀರು ಕುಡಿಯುತ್ತೇವೆ.

ಸಂಶಯಪಡುವ ಚಾಳಿ ನನಗೆ ಆ ಅಂಗಡಿಯಲ್ಲೇ ಹತ್ತಿದ್ದು. ಒಳ್ಳೆಯ ಸ್ಟೀಲಿಗೆ ಆಯಸ್ಕಾಂತ ಹತ್ತುವುದಿಲ್ಲ ಎಂದು ಸಾಲಿಯ ಮಾಸ್ತರರು ಹೇಳಿದ ದಿನ ನಾನು ಒಂದು ಆಯಸ್ಕಾಂತ ಸಂಪಾದಿಸಿ ಅಂಗಡಿಯ ಬಾಗಿಲಲ್ಲಿ ನಿಂತೆ. ಹೊರಗೆ ಹೋಗುವ ಪ್ರತಿ ಭಾಂಡೆಗೂ ಹಚ್ಚಿ ನೋಡಿ, ‘ಇದು ಹತ್ತತೈತ್ರಿ ಕಾಕಾರ’ ಎಂದು ಗಿರಾಕಿಗಳಿಗೆ ತಿಳಿಸಿದೆ. ಸಂಜೆಯೊಳಗೆ ಅಪ್ಪ ನನ್ನನ್ನು ಅಂಗಡಿಯಿಂದ ಮನೆಗೆ ಗಡೀಪಾರು ಮಾಡಿದ. ‘ಇದನ್ನ ವಕೀಲಿ ಓದಸಬ್ಯಾಡಾ’ ಎಂದು ಅವ್ವನಿಗೆ ಹೇಳಿದ್ದನ್ನು ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ವಕೀಲಿ ಎಂಬ ವಿದ್ಯೆ ಒಂದಿದೆ, ಅದು ನನಗೆ ಒಗ್ಗುತ್ತದೆ ಎಂದು ತಿಳಿದದ್ದೇ ಆವಾಗ.

ಕಾಲೇಜಿಗೆ ಹೋದ ಮೇಲೆ ಚರ್ಚಾಸ್ಪರ್ಧೆ. ಉಳಿದವರಿಗೆ ಇಂಡಿ ಎಂದರೆ ಲಿಂಬೆಹಣ್ಣು. ನನಗೆ ‘ಯಂತ್ರಗಳು ಮಾನವನಿಗೆ ವರ’ ಎಂದು ಮೇಜು ಗುದ್ದಿ ಫಲಕ ತಂದ ಊರು. ಮುಂದಿನ ತಿಂಗಳೇ ಸಿಂದಗಿಯಲ್ಲಿ ‘ಶಾಪ’ ಎಂದು ಅಷ್ಟೇ ಜೋರಾಗಿ ಗುದ್ದಿ ಇನ್ನೊಂದು ಫಲಕ ತಂದೆ. ಮುದ್ದೇಬಿಹಾಳದಲ್ಲಿ ಜೊತೆಗಾತಿಗೆ ಜ್ವರ ಬಂದಾಗ ಪರ-ವಿರೋಧ ಎರಡನ್ನೂ ನಾನೇ ಮಾತಾಡುತ್ತೇನೆಂದು ಹಟ ಹಿಡಿದಿದ್ದೆ, ಸಂಘಟಕರು ಒಪ್ಪಲಿಲ್ಲ. ಒಪ್ಪಿದ್ದರೆ ಯಾರು ಗೆಲ್ಲುತ್ತಿದ್ದರು ಎಂಬ ಕುತೂಹಲ ಇನ್ನೂ ಇದೆ. ಅಪ್ಪ ಮಾತ್ರ ಫಲಕಗಳನ್ನು ತಟ್ಟಿ ನೋಡಿ, ‘ಮನಿ ತುಂಬ ಕಟ್ಟಿಗಿ ಆತು. ಒಂದು ಕೊಳಗಾದ್ರೂ ಗೆದ್ದು ಬಾರವ್ವಾ’ ಎನ್ನುತ್ತಿದ್ದ.

ನಮ್ಮ ಮನೆಯ ವಾದಗಳಿಗೆ ನ್ಯಾಯಾಧೀಶರು ಅವ್ವ. ಆಕೆಯ ತೀರ್ಪಿಗೆ ಮೇಲ್ಮನವಿ ಇಲ್ಲ. ಎಷ್ಟೆಂದರೆ, ಅಪ್ಪ ಮದುವೆಗೆ ಮೊದಲು ಇಸ್ಪೀಟಿನ ದೊಡ್ಡ ಭಕ್ತನಾಗಿದ್ದನಂತೆ. ಎಲೆ ಹಿಡಿದರೆ ಊಟ, ಅಂಗಡಿ, ಹೊತ್ತು ಯಾವುದೂ ನೆನಪಾಗುತ್ತಿರಲಿಲ್ಲವಂತೆ. ಅವ್ವ ಬಂದ ವರ್ಷವೇ ಗುಡಿಗೆ ಕರೆದೊಯ್ದು, ನಂದಿಯ ಬೆನ್ನ ಮೇಲೆ ಕೈ ಇಡಿಸಿ, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿಸಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಆ ಶಬ್ದಕ್ಕೂ ಬಹಿಷ್ಕಾರ.

ಡಿಗ್ರಿಯ ಕೊನೆಯ ವರ್ಷ ಕಾಲಿಟ್ಟಾಗ ಕಂಪ್ಯೂಟರ್ ಕೊಡಿಸುವ ಮಾತು ಬಂತು. ಅಪ್ಪ ಮೇಜಿನ ಮೇಲೆ ಕೂಡುವ ದೊಡ್ಡದರ ಪರ, ನಾನು ಲ್ಯಾಪ್‌ಟಾಪಿನ ಪರ. ಅವ್ವ ಶೇಂಗಾ ಸುಲಿಯುತ್ತ ಕೇಳುತ್ತಿದ್ದಳು.

‘ಎತ್ತಿ ಒಯ್ಯೂ ವಸ್ತು ಇವತ್ತಿಲ್ಲಾ ನಾಳೆ ಬೀಳತೈತಿ, ಒಡೀತೈತಿ’ ಎಂದ ಅಪ್ಪ.

‘ತಂಬಿಗಿನೂ ಎತ್ತಿ ಒಯ್ತಾರ. ಹಂಗಂತ ತಂಬಿಗಿ ಮಾರೂದು ಬಿಟ್ಟಿಯೇನು?’

‘ತಂಬಿಗಿ ಬಿದ್ರ ನೆಗ್ಗತೈತಿ. ಇದು ಬಿದ್ರ?’

‘ಬೀಳಂಗಿಲ್ಲ.’

‘ಬಿದ್ರ?’

ವಾದ ಎಲ್ಲಿಂದ ಎಲ್ಲಿಗೋ ಹೋಗಿ ಕೊನೆಗೆ ನನ್ನ ಓದಿನ ಮೇಲೆ ಬಂದು ನಿಂತಿತು. ನನಗೆ ಬಿಜಾಪುರದಲ್ಲಿ ಕಾನೂನು ಓದಬೇಕು. ಅಪ್ಪನಿಗೆ ನಾನು ಮುದ್ದೇಬಿಹಾಳದ ಸೋದರತ್ತೆಯ ಮನೆಯಲ್ಲಿದ್ದು ಬಿ.ಎಡ್. ಮಾಡಬೇಕು. ಅವ್ವ ಶೇಂಗಾ ಸಿಪ್ಪೆ ಊದಿ ತೀರ್ಪು ಕೊಟ್ಟಳು: ‘ಈಕಿ ಹೇಳಿದ್ದ ತರ್ರಿ. ಡಿಗ್ರಿ ಮುಗದು ಮುಂದಿನ ಕಾಲೇಜ ಸೇರೂತನಕ ಅದು ಒಡೀದ ಉಳೀತು, ಈಕಿ ಬಿಜಾಪುರಕ್ಕ ಹೋಗ್ಲಿ. ಒಡೀತು, ಮುದ್ದೇಬಿಹಾಳ. ವಸ್ತು ಸಂಭಾಳಸಾಕ ಬಾರದಾಕಿ ಮಂದಿ ಕೇಸ ಏನ್ ಸಂಭಾಳಸ್ತಾಳ?’

ಲ್ಯಾಪ್‌ಟಾಪ್ ಬಂದ ದಿನ ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಪಡಸಾಲೆಯಲ್ಲಿ ಗುಂಯ್ ಎಂಬ ಸಪ್ಪಳ. ಓಡಿ ಬಂದರೆ ಬಳ್ಳಿ ಬಿಡಿಸಿಯಾಗಿತ್ತು, ‘ಗಿ’ಯ ಬಾಲ ಸುತ್ತುತ್ತಿತ್ತು.

‘ಯಪ್ಪಾ! ಇದು ಭಾಂಡೆ ಅಲ್ಲೋ!’

‘ಭಾಂಡೆ ಅಲ್ಲ ಖರೆ. ಕಳುವು ಆಗಂಗಿಲ್ಲೇನು?’

ಇಂಥ ಉತ್ತರ ಇಲ್ಲದ ವಾದಗಳನ್ನು ನಾನು ನೆನಪಿಟ್ಟುಕೊಳ್ಳುತ್ತೇನೆ, ಮುಂದೆ ನನಗೇ ಬೇಕಾಗುತ್ತವೆ.

ಇಡೀ ವರ್ಷ ಅದನ್ನು ಹಸುಗೂಸಿನಂತೆ ನೋಡಿಕೊಂಡೆ. ಮೂಲೆ ಹಿಡಿದು ಎತ್ತಲಿಲ್ಲ, ನಡುವೆ ಎರಡು ಕೈ ಹಚ್ಚಿ ತೆರೆದೆ. ಅವ್ವ ಒಮ್ಮೆ ಚಳಿಗಾಲದಲ್ಲಿ, ಬೆಚ್ಚಗಿದೆ ಎಂದು, ಹೆಪ್ಪು ಹಾಕಿದ ಹಾಲಿನ ಗಡಿಗೆ ಅದರ ಮೇಲಿಟ್ಟದ್ದನ್ನು ಬಿಟ್ಟರೆ ಬೇರೆ ಅವಘಡ ಇಲ್ಲ. ಮೊಸರು ಚೆನ್ನಾಗಿ ಆಗಿತ್ತು. ಡಿಗ್ರಿಯೂ ಮುಗಿಯಿತು, ಫಲಿತಾಂಶವೂ ಬಂತು, ಕಾನೂನು ಕಾಲೇಜಿನವರು ಪ್ರವೇಶ ಸುರು ಮಾಡುವುದಷ್ಟೇ ಬಾಕಿ. ಅದೇ ಹೊತ್ತಿಗೆ ವಾರಂಟಿ ಮುಗಿಯಿತು. ಮುಗಿದು ವಾರ ಆಗಿರಲಿಲ್ಲ, ಒಂದು ಮುಂಜಾನೆ ಮುಚ್ಚಳ ಎತ್ತಿದರೆ, ಲಟಕ್! ಪರದೆ ಕುಡಿದವರ ತಲೆಯಂತೆ ಒಂದು ಕಡೆ ವಾಲಿತು. ಬಲಗಡೆಯ ಬಿಜಾಗರಿ ಬುಡಸಮೇತ ಕಿತ್ತು ಬಂದಿತ್ತು, ಎಡಗಡೆಯದು ಕಿತ್ತು ಬರಲು ತಯಾರಾಗಿತ್ತು, ಮುಚ್ಚಳದ ಮೇಲೆ ಮಲ್ಲಿಗೆ ಬಳ್ಳಿಯ ಪಕ್ಕದಲ್ಲೇ ಇನ್ನೊಂದು ಬಳ್ಳಿ: ಬಿರುಕು.

ನನ್ನ ಕಣ್ಣ ಮುಂದೆ ಮುದ್ದೇಬಿಹಾಳದ ಬಸ್ಸು ಬಂದು ನಿಂತು ಹಾರ್ನ್ ಹೊಡೆಯಿತು.

ಎರಡು ದಿನ ಪರದೆಯನ್ನು ಅವಲಕ್ಕಿ ಡಬ್ಬಿಗೆ ಒರಗಿಸಿ ಕೆಲಸ ಮಾಡಿದೆ. ಅಪ್ಪ ಪಕ್ಕದಲ್ಲೇ ಹಾದುಹೋದ. ಡಬ್ಬಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನೋಡಲಿಲ್ಲವಲ್ಲ, ಬದುಕಿದೆ ಎಂದುಕೊಂಡೆ. ಯಾಕೆ ನೋಡಲಿಲ್ಲ ಎಂದು ಕೇಳಿಕೊಳ್ಳಲಿಲ್ಲ. ಎಂಥಾ ಸಂಶಯವಾದಿ!

ಮೂರನೆಯ ದಿನ ‘ಸಿಂದಗಿಯಾಗ ಚರ್ಚಾ ಐತಿ’ ಎಂದು ಹೇಳಿ ಹೊರಟೆ. ಸುಳ್ಳಲ್ಲ. ಚರ್ಚೆ ಆಯಿತು, ಲ್ಯಾಪ್‌ಟಾಪ್ ರಿಪೇರಿ ಅಂಗಡಿಯಲ್ಲಿ. ಎದುರಾಳಿ ಟೈ ಕಟ್ಟಿದ ಒಬ್ಬ ತರುಣ.

‘ವಾರಂಟಿ ಮುಗದೈತ್ರಿ ಮೇಡಂ.’

‘ಮುಗದದ್ದು ಹ್ವಾದ ವಾರ. ಬಿಜಾಗರಿ ಸಡಲಾಗಿದ್ದು ಅದಕಿಂತ ಮೊದಲ. ದೋಷ ಹುಟ್ಟಿದ ದಿನಾ ಮುಖ್ಯನೋ, ಕಂಡ ದಿನಾ ಮುಖ್ಯನೋ?’

‘ನಮ್ಮ ಕಡೆ ಒಂದ ದಿನಾ ಬರಕೊಂಡಿರ್ತಾರ್ರಿ. ಮುಗದ ದಿನಾ.’

‘ನೋಡ್ರಿ, ತೆರಿಯೂದು ಮುಚ್ಚೂದು ಬಿಜಾಗರಿ ಧರ್ಮ. ತನ್ನ ಧರ್ಮಾ ಮಾಡಕೋತ ಸತ್ತದ್ದಕ್ಕ ನೀವು ಏನಂತೀರಿ?’

ತರುಣ ಪ್ರಾಮಾಣಿಕವಾಗಿಯೇ ಉತ್ತರ ಕೊಟ್ಟ. ‘ಫಿಸಿಕಲ್ ಡ್ಯಾಮೇಜ್ ಅಂತೀವ್ರಿ.’

ಅಷ್ಟರಲ್ಲಿ ಅವನು ಸ್ಕ್ರೂಡ್ರೈವರ್ ಹಾಕಿ ಬಿಚ್ಚಿದ್ದ. ಒಳಗೆ ನೋಡಿ ನಕ್ಕ. ‘ಇಷ್ಟೊತ್ತು ವಾದಾ ಮಾಡಿದ್ರಿ. ಇದೇನ್ರಿ?’ ಬಿಜಾಗರಿಯ ಬುಡದಲ್ಲಿ ಹಳದಿಗಟ್ಟಿ ಒಣಗಿದ ಅಂಟು. ‘ಮೊದಲ ಒಮ್ಮೆ ಮುರದೈತಿ, ಯಾರೋ ಅಂಟ ಹಚ್ಚಿ ಕುಂದರಿಸ್ಯಾರ. ಈಗ ಎರಡನೇ ಸಲಾ ಮುರದೈತಿ.’

‘ನಾ ಹಚ್ಚಿಲ್ಲ.’

‘ಎಲ್ಲಾರೂ ಹಂಗ ಅಂತಾರ್ರಿ.’

‘ಎಲ್ಲಾರೂ ಹಂಗಂದ್ರ ಅದು ಸುಳ್ಳ ಆಗಬೇಕಂತ ಇಲ್ಲ.’

‘ಖರೆ ಆಗಬೇಕಂತನೂ ಇಲ್ರಲ್ಲ’ ಎಂದು ಅವನು ಮತ್ತೆ ತಿರುಪು ಬಿಗಿದ. ಈ ಮಾದರಿಯ ಮೈಕವಚ ಈಗ ಬರುವುದೇ ನಿಂತಿದೆಯಂತೆ. ಕೊನೆಗೆ ಕನಿಕರಪಟ್ಟೋ, ಚೇಷ್ಟೆಗೋ, ‘ಇದನ್ನ ಪೆಟಗಿ ಮಾಡೋರ ಕಡೆ ಒಯ್ರಿ’ ಎಂದ. ಅವನು ನಗುತ್ತ ಹೇಳಿದ್ದನ್ನು ನಾನು ನಗದೆ ಕೇಳಿಸಿಕೊಂಡೆ.

ಪೆಟಗಿ ಮಾಡುವವರು ಇಂಡಿಯಲ್ಲಿದ್ದಾರೆ ಎಂದು ಗೊತ್ತಿತ್ತು. ಬಾಗೇವಾಡಿಯಿಂದ ದೂರ, ಗುರುತಿನವರಿಲ್ಲ, ಅಪ್ಪನ ಕಿವಿಗೆ ಸುದ್ದಿ ಹೋಗುವುದಿಲ್ಲ. ಸಿಂದಗಿಯಿಂದಲೇ ಇಂಡಿಯ ಬಸ್ಸು ಹತ್ತಿದೆ. ನನ್ನ ತರ್ಕದಲ್ಲಿ ಒಂದೇ ತೂತು. ದೇವರಿಂದ ಹಿಡಿದು ಸ್ಟೀಲಿನವರೆಗೆ ಎಲ್ಲವನ್ನೂ ಪ್ರಶ್ನಿಸಿದ ನಾನು, ನಮ್ಮ ಅಂಗಡಿಯಲ್ಲಿ ಮಾರುವ ಪೆಟಗಿಗಳು ಎಲ್ಲಿಂದ ಬರುತ್ತವೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಪೆಟಗಿ ಮಲಕಪ್ಪ ಅಗರಖೇಡದವ, ಅಂಗಡಿ ಇಂಡಿಯಲ್ಲಿ. ತಗಡು ಬಡಿಯುವ ಸುತ್ತಿಗೆಗಿಂತ ಅವನ ಬಾಯಿ ಜೋರು. ‘ನಾ ಮಾಡಿದ ಪೆಟಗಿ ಮ್ಯಾಲ ಆನಿ ನಿಂತ್ರೂ ನೆಗ್ಗಂಗಿಲ್ಲ’ ಎಂದ.

‘ಆನಿ ನಿಂದ್ರಿಸಿ ನೋಡೀರೇನ್ರಿ?’

‘ಆನಿ ಎಲ್ಲಿ ಸಿಗಬೇಕವ್ವಾ? ನಮ್ಮ ಬೀಗನ್ನ ನಿಂದ್ರಿಸೇನಿ.’

ಲ್ಯಾಪ್‌ಟಾಪನ್ನು ಬೋರಲು ಹಾಕಿಕೊಂಡು, ಇದಕ್ಕೇನು ಮಹಾ, ಎರಡು ಹಿತ್ತಾಳೆ ಬಿಜಾಗರಿ ಹೊರಗಿನಿಂದ ಜಡಿದರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ ಎಂದ. ತೂತು ಕೊರೆಯುವಾಗ ಪರದೆಗೂ ಮೊಳೆಗೂ ನಡುವೆ ಒಂದು ಕೂದಲೆಳೆ ಅಂತರ. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಬಿಜಾಗರಿ ಎರಡೂ ಕೂತಿದ್ದವು, ಅವನ ಕೈಯಲ್ಲಿ ಕೊಂಡಿ ಇತ್ತು.

‘ಕೊಂಡಿ ಬ್ಯಾಡ್ರಿ. ಇದು ಪೆಟಗಿ ಅಲ್ಲ.’

‘ತೆರೀತೈತಿ?’

‘ಹೌದ್ರಿ.’

‘ಮುಚ್ಚತೈತಿ?’

‘ಹೌದ್ರಿ.’

‘ಒಳಗ ಬೆಲೆಬಾಳೂದು ಐತಿ?’

‘ಐತ್ರಿ.’

‘ಮತ್ತs?’ ಎಂದು ಕೊಂಡಿ ಜಡಿದೇಬಿಟ್ಟ. ಒಂದೊಂದೇ ಹೌದು ಅನ್ನಿಸಿ ಎದುರಾಳಿಯನ್ನು ಮೂಲೆಗೆ ತಳ್ಳುವ ಈ ಉಪಾಯ ನನ್ನದು. ಇವನಿಗೆ ಯಾರು ಹೇಳಿಕೊಟ್ಟರೋ!

ಕೆಲಸ ಮುಗಿಸಿ, ಅರಿವೆಯಿಂದ ಒರೆಸುತ್ತ, ಮುಚ್ಚಳದ ಹೆಸರಿನ ಮೇಲೆ ಮಲಕಪ್ಪನ ಕೈ ನಿಂತಿತು.

‘ಅಯ್ಯ! ಇದು ಬಾಗೇವಾಡಿ ಸಾವಕಾರ್ರ ಅಕ್ಷರ. ಗಕ್ಕ ಹಿಂಗ ಬಾಲಾ ಸುತ್ತಸೂದು ಈ ನಾಕೂ ತಾಲೂಕಿನ್ಯಾಗ ಅವರೊಬ್ಬರ. ನೀವು ಅವರ ಮಗಳೇನ್ರಿ? ನಮ್ಮ ಪೆಟಗಿ ಎಲ್ಲಾ ಅವರ ಅಂಗಡಿಗೇ ಹೋಗತಾವ್ರಿ! ಹಂಗಾರ ಇದs ಏನು, ಮೊನ್ನೆ ಮಾಲಿಗೆ ಬಂದಾಗ ಅವರು ಹೇಳಿದ್ದು? “ಮಲಕಪ್ಪಾ, ಇಷ್ಟಿಷ್ಟ ಸಣ್ಣ ಬಿಜಾಗರಿ ಸಿಗತಾವೇನು? ಮಧ್ಯಾಹ್ನ ಮಗಳು ಇಲ್ಲದಾಗ ಅದರಾಗ ಇಸ್ಪೀಟ ಆಡಾಕತ್ತಿದ್ದೆ, ನಮ್ಮಾಕಿ ಬಂದ ಸಪ್ಪಳಾ ಆತಂತ ಧಪ್ಪನ ಮುಚ್ಚಿದೆ, ಲಟಕ್ ಅಂತು. ಅಂಟ ಹಚ್ಚೀನಿ, ಎಷ್ಟ ದಿನಾ ತಾಳತೈತೋ” ಅಂತ...’

ಹೇಳುತ್ತ ಹೇಳುತ್ತ ಅವನಿಗೆ ತಾನು ಯಾರ ಮುಂದೆ ಏನು ಹೇಳುತ್ತಿದ್ದೇನೆ ಎಂಬುದು ಹೊಳೆಯಿತು. ನಾಲಿಗೆ ಕಚ್ಚಿಕೊಂಡ.

‘ನಾ ಏನೂ ಹೇಳಿಲ್ರಿ ಯವ್ವಾ.’

‘ನಾನೂ ಏನೂ ಕೇಳಿಲ್ರಿ ಕಾಕಾ.’

ಬಾಗೇವಾಡಿಯ ಬಸ್ಸಿನಲ್ಲಿ ಕೂತು ಭಾಷಣ ಸಿದ್ಧಮಾಡಿದೆ. ಎಂಥಾ ಸಾಕ್ಷಿ! ಎಂಥಾ ಎದುರಾಳಿ! ಒಡೆಯುತ್ತದೆ ಎಂದು ವಾದಿಸಿದವನೇ ಒಡೆದವ. ‘ಮಾನ್ಯ ನ್ಯಾಯಾಧೀಶರೇ’ ಎಂದು ಸುರು ಮಾಡಿ ಕೈ ಎತ್ತಿದೆ. ಪಕ್ಕದಲ್ಲಿದ್ದ ಮಸೂತಿ ಊರಿನ ಅಜ್ಜಿ ಬುತ್ತಿಗಂಟು ಆಚೆ ಸರಿಸಿಕೊಂಡು, ‘ಯಾರ ಕೂಡ ಜಗಳ ತಗದೀಯವ್ವಾ?’ ಎಂದಳು. ‘ಅಪ್ಪನ ಕೂಡ’ ಎಂದೆ. ‘ಅಂವಾ ಎಲ್ಲಿ ಅದಾನ?’ ಎಂದು ಬಸ್ಸೆಲ್ಲ ನೋಡಿದಳು.

ಎತ್ತಿದ ಕೈ ಅಲ್ಲೇ ಇಳಿಯಿತು. ಭಾಷಣದಲ್ಲಿ ಒಂದು ತೊಡಕು ಇತ್ತು. ನ್ಯಾಯಾಧೀಶರು ಅವ್ವ. ಸಾಕ್ಷಿ ಇಸ್ಪೀಟು. ಸಾಕ್ಷಿ ಹೇಳಿದರೆ ನನ್ನ ಕೇಸು ಗೆಲ್ಲುತ್ತೇನೆ, ಅದೇ ಗಳಿಗೆಯಲ್ಲಿ ಅಪ್ಪ ತನ್ನ ಹಳೆಯ ಕೇಸು ಸೋಲುತ್ತಾನೆ. ನಂದಿಯ ಬೆನ್ನ ಮೇಲೆ ಕೈಯಿಟ್ಟು ಮಾಡಿದ ಆಣೆಯ ಕೇಸು. ಹೇಳದಿದ್ದರೆ ನಾನು ಮುದ್ದೇಬಿಹಾಳಕ್ಕೆ. ಇಂಥ ಪೇಚು ಯಾವ ಚರ್ಚಾಸ್ಪರ್ಧೆಯಲ್ಲೂ ಬಂದಿರಲಿಲ್ಲ. ಅಲ್ಲಿ ಎದುರಾಳಿ ಸೋತರೆ ಅವರವರ ಊರಿಗೆ ಹೋಗುತ್ತಾರೆ, ನಮ್ಮ ಮನೆಯಲ್ಲೇ ರೊಟ್ಟಿ ತಿನ್ನುತ್ತ ಕೂಡುವುದಿಲ್ಲ.

ಮನೆಗೆ ಬಂದಾಗ ಅಪ್ಪ ರೊಟ್ಟಿಯನ್ನೇ ತಿನ್ನುತ್ತಿದ್ದ. ಅವ್ವ ಬದನೆಕಾಯಿ ಪಲ್ಯ ಬಡಿಸುತ್ತಿದ್ದಳು. ನಾನು ಲ್ಯಾಪ್‌ಟಾಪನ್ನು ಇಬ್ಬರ ನಡುವೆ ಇಟ್ಟೆ. ಹಿತ್ತಾಳೆ ದೀಪದ ಬೆಳಕಿಗೆ ಹೊಳೆಯಿತು.

‘ಇದೇನs ಇದು?’ ಅವ್ವನ ಸೌಟು ನಿಂತಿತು. ‘ಒಡದಿತ್ತೇನು?’

ನನ್ನ ವಕೀಲಿಯ ಕರಿ ಕೋಟು ಆ ಸೌಟಿನ ತುದಿಯಲ್ಲಿ ತೂಗುತ್ತಿತ್ತು. ನಾನು ಅಪ್ಪನ ಕಡೆ ತಿರುಗಿದೆ. ‘ಅಪ್ಪಾ, ಇಂಡಿ ಪೆಟಗಿ ಮಲಕಪ್ಪ ಕಾಕಾ ನಿನಗ ನಮಸ್ಕಾರ ಹೇಳ್ಯಾರ’ ಎಂದೆ.

ಅಪ್ಪನ ತುತ್ತು ಬಾಯಿಗೂ ತಾಟಿಗೂ ನಡುವೆ ನಿಂತಿತು. ‘ಮತ್ತೇನಂದ?’

‘ಭಾಳ ಮಾತಾಡಿದ್ರು.’

ಅಪ್ಪ ಯಂಕಂಚಿಯ ವರ-ವಧುವಿನ ವಾಟಗ ಎತ್ತಿ ಪೂರ್ತಿ ನೀರು ಕುಡಿದ. ವಾಟಗ ಇಟ್ಟ. ಗಂಟಲು ಸರಿಮಾಡಿಕೊಂಡ.

‘ಒಡದದ್ದಲ್ಲ ಬಿಡs ಅದು. ಗಟ್ಟಿ ಮಾಡಿಸಿದ್ದು.’

‘ಒಡೀದ ಯಾರರೇ ಗಟ್ಟಿ ಮಾಡಸ್ತಾರೇನ್ರಿ?’ ಎಂದಳು ಅವ್ವ.

‘ಯಾಕ ಮಾಡಸಂಗಿಲ್ಲ? ಮಳಿಗಾಲಕ್ಕ ಮೊದಲ ಮಾಳಿಗಿಗೆ ಮಣ್ಣ ಹಾಕಸ್ತೀವಿ. ಸೋರಿದ ಮ್ಯಾಲ ಹಾಕಸ್ತೀವೋ, ಸೋರಬಾರದಂತ ಹಾಕಸ್ತೀವೋ?’

ಅಬ್ಬಾ! ಲ್ಯಾಪ್‌ಟಾಪಿನ ಹುಟ್ಟಾ ವೈರಿ ಅದರ ಪರವಾಗಿ ನಿಂತಿದ್ದ. ಅದೂ ನನ್ನ ವರಸೆಯಲ್ಲೇ, ಎರಡು ‘ಓ’ ಹಚ್ಚಿ, ಪ್ರಶ್ನೆಯಲ್ಲೇ ಉತ್ತರ ಮುಚ್ಚಿಟ್ಟು. ಆದರೆ ಹೋಲಿಕೆ ತೀರಾ ಬಡಕಲು. ಮಾಳಿಗೆಗೂ ಲ್ಯಾಪ್‌ಟಾಪಿಗೂ ಏನು ಸಂಬಂಧ? ಮಣ್ಣು ಹಾಕಿದ್ದು ಮಳೆಗಾಲಕ್ಕೆ ಮೊದಲು ಎಂಬುದಕ್ಕೆ ಆಧಾರ ಎಲ್ಲಿ? ಬಿರುಕು ಎದುರಿಗೇ ಇದೆಯಲ್ಲ? ನನ್ನ ನಾಲಿಗೆ ತುರಿಸತೊಡಗಿತು.

‘ಆದ್ರ ಅಪ್ಪಾ, ಈ ಮಾಳಿಗಿ ಉದಾಹರಣೆ...’

ಅಪ್ಪ ನನ್ನ ಕಡೆ ನೋಡಿದ ನೋಟಕ್ಕೆ ಬಿಜಾಗರಿ ಇದ್ದಿದ್ದರೆ ಅದೂ ಲಟಕ್ ಎನ್ನುತ್ತಿತ್ತು. ನಾನು ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ಬಾಯಿಗೆ ತುರುಕಿಕೊಂಡೆ. ಎದುರಾಳಿಯ ಹುಸಿ ತರ್ಕವನ್ನು ರೊಟ್ಟಿಯ ಜೊತೆ ನುಂಗಿದ್ದು ನನ್ನ ಆಯುಷ್ಯದಲ್ಲಿ ಅದೊಂದೇ ಸಲ. ಇವತ್ತಿಗೂ ಅದು ಪೂರ್ತಿ ಕರಗಿಲ್ಲ.

ಅವ್ವ ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು, ಕೊಂಡಿಯನ್ನು ನೋಡಿದಳು.

‘ಈಕಿ ಹುಟ್ಟಿದಾಗಿಂದ ತಂದಿ ಮಗಳು ಒಂದ ಮಾತಿಗೆ ಕೂಡಿದ್ದು ನಾ ಕಂಡಿಲ್ಲ. ಇವತ್ತ ಕೂಡೀರಿ ಅಂದ್ರ ಇದರಾಗ ಏನೋ ಐತಿ’ ಎಂದಳು. ಅಪ್ಪನೂ ನಾನೂ ಒಟ್ಟಿಗೇ ತಾಟು ನೋಡತೊಡಗಿದೆವು. ‘ಏನರೇ ಇರವಲ್ದ್ಯಾಕ. ನಿಮ್ಮಿಬ್ಬರ ವಾದಾ ಕೇಳಿ ನನ್ನ ಕಿವಿ ತೂತ ಬಿದ್ದಾವ. ಒಬ್ಬರರೇ ಬಿಜಾಪುರಕ್ಕ ಹೋಗ್ರಿ.’

ಹೀಗೆ ನನಗೆ ಕಾನೂನು ಸಿಕ್ಕಿತು.

ಹೊರಡುವ ದಿನ ಅಪ್ಪ ಅಂಗಡಿಯಿಂದ ಒಂದು ಸಣ್ಣ ಕೀಲಿ ತಂದು ತಾನೇ ಕೊಂಡಿಗೆ ಹಾಕಿದ. ಅದಕ್ಕೆ ಎರಡು ಕೀಲಿಕೈ. ಒಂದನ್ನು ನನ್ನ ಅಂಗೈಯಲ್ಲಿಟ್ಟು, ಇನ್ನೊಂದನ್ನು ತನ್ನ ಅಂಗಿಯ ಒಳಕಿಸೆಗೆ ಇಳಿಸಿದ.

‘ಅದ್ಯಾಕಪ್ಪಾ?’

‘ನಿಂದು ಕಳೀತಂದ್ರ?’ ಎಂದು ಬಸ್ಸಿನ ಬೋರ್ಡು ಓದತೊಡಗಿದ.

ಬಿಜಾಪುರದಿಂದ ಭಾಂಡೆ ತರುವವ ಮೂರ್ಖ, ಅಲ್ಲಿ ಎಲ್ಲ ತುಟ್ಟಿ ಎಂದು ನಮ್ಮಪ್ಪ ಮೊದಲಿನಿಂದಲೂ ಹೇಳುತ್ತಿದ್ದ. ಈಗ ಆಗಾಗ ‘ಮಾಲಿಗೆ’ ಬರುತ್ತಾನೆ. ಹಾಸ್ಟೆಲಿನ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಅರ್ಧ ದಿನ ಕಳೆದು, ಸಂಜೆ ಅವ್ವನಿಗೆ ತೋರಿಸಲು ಎರಡು ಚಮಚ ಕೊಂಡು ಊರಿಗೆ ಹೋಗುತ್ತಾನೆ. ಮಗಳ ಓದು ಎಲ್ಲಿಗೆ ಬಂತು ಎಂದು ಸ್ವತಃ ಪರೀಕ್ಷಿಸುವ ಇಂಥ ತಂದೆ ಎಲ್ಲರಿಗೂ ಸಿಗಬೇಕು ಎಂದು ನಮ್ಮ ಮೇಲ್ವಿಚಾರಕಿ ಉಳಿದ ಹುಡುಗಿಯರಿಗೆ ಹೇಳುತ್ತಾರೆ. ನಾನು ವಿರೋಧಿಸುವುದಿಲ್ಲ.

ಮೊನ್ನೆಯೂ ಬಂದಿದ್ದ. ಹೆಂಗದಿ ಎನ್ನಲಿಲ್ಲ, ಉಂಡಿಯೇನು ಎನ್ನಲಿಲ್ಲ. ಆಚೀಚೆ ನೋಡಿ ಒಳಕಿಸೆಗೆ ಕೈ ಹಾಕಿದ.

‘ಕೀಲಿಕೈ ನಾ ತಂದೇನಿ. ಪೆಟಗಿ ತಾರವ್ವಾ.’